ಎದೆನೋವು ಬಂದವರ ಮುಂದಿನ ಗತಿ



ನಡೆಯುವಾಗ, ಅದರಲ್ಲೂ ಉಂಡ ಮೇಲೆ ಏರು ಹತ್ತುವಾಗ ಎದೆ ಹಿಂಡುತ್ತದೆ. ನಿಂತರೆ ನೋವು ಇಳಿಯುತ್ತದೆ. ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ 1768ರಲ್ಲಿ ಸಹವೈದ್ಯರ ಮುಂದೆ ಈ ಕಾಯಿಲೆಯನ್ನು ಹೀಗೆ ಬಣ್ಣಿಸಿ 'ಆಂಜೈನಾ ಪೆಕ್ಟೋರಿಸ್' ಎಂದು ಹೆಸರಿಟ್ಟರು. ಅವರ ರೋಗಿಗಳಲ್ಲಿ ಕೆಲವರು ಇದ್ದಕ್ಕಿದ್ದಂತೆ ಕುಸಿದು ತೀರಿಕೊಂಡರು. ಒಬ್ಬಾತ ಮಾತ್ರ ದಿನಕ್ಕೆ ಅರ್ಧ ಗಂಟೆ ಗರಗಸ ಹಿಡಿದು ಮರ ಕೊಯ್ಯುತ್ತ ಹೆಚ್ಚುಕಡಿಮೆ ಗುಣವಾಗಿಬಿಟ್ಟ. ಯಾರಿಗೆ ಏನಾದೀತು ಎಂದು ಮೊದಲೇ ತಿಳಿಯುವುದು ಹೇಗೆ?

ಉತ್ತರದ ಒಂದು ಎಳೆ ಕೊಬ್ಬಿನಲ್ಲಿತ್ತು. ರೋಗ ತಗುಲಿದ ಮಹಾಪಧಮನಿಯಲ್ಲಿ ಕೊಲೆಸ್ಟ್ರಾಲ್ ವಿಪರೀತ ಜಮೆಯಾಗಿರುವುದನ್ನು ಜರ್ಮನಿಯ ಅಡಾಲ್ಫ್ ವಿಂಡಾಸ್ 1910ರಲ್ಲಿ ಅಳೆದು ತೋರಿಸಿದರು. 1913ರಲ್ಲಿ ರಷ್ಯಾದ ನಿಕೊಲಾಯ್ ಅನಿಚ್ಕೊವ್ ಮೊಲಗಳಿಗೆ ಎಣ್ಣೆಯಲ್ಲಿ ಕರಗಿಸಿದ ಕೊಲೆಸ್ಟ್ರಾಲ್ ತಿನ್ನಿಸಿದಾಗ ಅವುಗಳ ರಕ್ತನಾಳದ ಗೋಡೆಯಲ್ಲೂ ಕೊಬ್ಬು ಕಟ್ಟಿತು.

ಮನುಷ್ಯರ ಲೆಕ್ಕ ಸಿಕ್ಕಿದ್ದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ. 1948ರಲ್ಲಿ ಶುರುವಾದ ಅಧ್ಯಯನ 5,209 ಮಂದಿಯ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸಿತು. ಕೊಲೆಸ್ಟ್ರಾಲ್, ರಕ್ತದೊತ್ತಡ, ಧೂಮಪಾನ, ಸಕ್ಕರೆ ಕಾಯಿಲೆ ಒಂದೊಂದಾಗಿ ಅಪಾಯದ ಪಟ್ಟಿಗೆ ಸೇರಿದವು. ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಕಡಿಮೆಯಿದ್ದವರಿಗೂ ಅಪಾಯ ಹೆಚ್ಚೆಂದು 1977ರಲ್ಲಿ ಕಂಡುಬಂತು.

ಆದರೆ ಮುನ್ಸೂಚನೆ ಕೊಡುವುದೆಲ್ಲ ರೋಗದ ಕಾರಣವೇ ಆಗಿರಬೇಕಿಲ್ಲ. ಇದನ್ನು ಎರಡು ಪ್ರಯೋಗಗಳು ಕಲಿಸಿದವು.

ಸ್ಕ್ಯಾಂಡಿನೇವಿಯಾದ ಪ್ರಯೋಗದಲ್ಲಿ ಆಂಜೈನಾ ಇದ್ದ ಅಥವಾ ಹೃದಯಾಘಾತವಾಗಿದ್ದ 4,444 ಮಂದಿ ಇದ್ದರು. ಅರ್ಧದಷ್ಟು ಜನರಿಗೆ ಕೊಲೆಸ್ಟ್ರಾಲ್ ಇಳಿಸುವ ಸಿಮ್ವಾಸ್ಟಾಟಿನ್ ಔಷಧ, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಸುಮಾರು ಐದೂವರೆ ವರ್ಷದಲ್ಲಿ ಸಿಮ್ವಾಸ್ಟಾಟಿನ್ ತೆಗೆದುಕೊಂಡವರಲ್ಲಿ 182 ಸಾವು, ಉಳಿದವರಲ್ಲಿ 256. ಕೆಟ್ಟ ಕೊಲೆಸ್ಟ್ರಾಲಾದ ಎಲ್‌ಡಿಎಲ್ ಇಳಿಸಿದರೆ ಜೀವ ಉಳಿಯುತ್ತದೆ ಎಂಬುದು 1994ರಲ್ಲಿ ಖಚಿತವಾಯಿತು. ಎಚ್‌ಡಿಎಲ್ ಏರಿಸುವ ಟಾರ್ಸೆಟ್ರಾಪಿಬ್ ಔಷಧದ ಕಥೆ ಬೇರೆ: ರಕ್ತದ ರಿಪೋರ್ಟು ಚೆನ್ನಾಯಿತು, ಸಾವು ಹೆಚ್ಚಿತು, 2006ರಲ್ಲಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು.

ಹೊಸದಾಗಿ ಆಂಜೈನಾ ಕಾಣಿಸಿಕೊಂಡವರ ಮುಂದಿನ ಸ್ಥಿತಿ ಹೇಳಲು ರಕ್ತದ ಕೊಬ್ಬು ಅಳೆಯುವ ಪರೀಕ್ಷೆ, ಅಂದರೆ ಲಿಪಿಡ್ ಪ್ರೊಫೈಲ್ ಒಂದೇ ಸಾಲದು. ಟ್ರೆಡ್‌ಮಿಲ್ ಮೇಲೆ ಎಷ್ಟು ನಿಮಿಷ ನಡೆದರು, ಇಸಿಜಿ ಗೆರೆ ಎಷ್ಟು ಬದಲಾಯಿತು, ನೋವು ಬಂತೇ, ನಿಲ್ಲಿಸಬೇಕಾಯಿತೇ ಎಂಬುದನ್ನೆಲ್ಲ ಕೂಡಿ ಕಳೆದು ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯರು 1987ರಲ್ಲಿ ಒಂದು ಅಂಕಪದ್ಧತಿ ರೂಪಿಸಿದರು. ಎಕೋ ಸ್ಕ್ಯಾನಿನಲ್ಲಿ ಕಾಣುವ ಹೃದಯದ ಪಂಪಿಂಗ್ ಬಲ, ವಯಸ್ಸು, ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು ಸಹ ಲೆಕ್ಕಕ್ಕೆ ಬರುತ್ತವೆ.

ಇವೆಲ್ಲಕ್ಕಿಂತ ಮೊದಲು ವೈದ್ಯರು ವಿಚಾರಿಸುವುದು ನೋವಿನ ವರಸೆಯನ್ನು. ಕಳೆದ ವಾರ ಎರಡು ಮಹಡಿ ಹತ್ತಿದಾಗ ಬರುತ್ತಿದ್ದ ನೋವು ಈಗ ಸ್ನಾನ ಮಾಡುವಾಗ, ಕೂತಲ್ಲೇ ಬರತೊಡಗಿದರೆ, ರಕ್ತಪರೀಕ್ಷೆಯ ರಿಪೋರ್ಟಿಗೆ ಕಾಯದೆ ಆ ಗಳಿಗೆಯಲ್ಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಬೇಕು.