ಮೊದಲು ಏನು ಮಾಡಬೇಕು?

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



"ಬಿಇ ಮುಗಿಸಿ ಬೆಂಗಳೂರಾಗ ಸಾಫ್ಟ್‌ವೇರ್ ಎಂಜಿನಿಯರ್ ಆಗೀರಿ, ಹುಡುಗರಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳ್ರಿ" ಎಂದು ನನ್ನನ್ನು ಕರೆದರು. ಕ್ಷಮಿಸಬೇಕು, ನಾನು ಇವತ್ತು ಹೇಳುವುದು ನರ್ಸಿಂಗ್ ಪರೀಕ್ಷೆಯ ವಿಷಯ. ಆ ಪರೀಕ್ಷೆ ನಾನು ಬರೆದವನಲ್ಲ. ಬರೆದವಳು ಇದೇ ಶಾಲೆಯಲ್ಲಿ ಕಲಿತ ನನ್ನ ತಂಗಿ. ಆಕೆ ಈಗ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಇರುವುದರಿಂದ ಇವತ್ತು ಬರಲಾಗಲಿಲ್ಲ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಪಿಯುಸಿ ಮುಗಿಸಿ ಆಕೆ ಜಿಎನ್‌ಎಂ ಸೇರುತ್ತೇನೆ ಎಂದಾಗ ಬೇಡ ಎಂದವನು ನಾನೇ. "ರಾತ್ರಿ ಪಾಳಿ ಕೆಲಸ, ಮಂದಿ ಏನಂದಾರು" ಎಂದು ಅಪ್ಪನ ಮುಂದೆ ವಾದ ಮಾಡಿದೆ. ಅವ್ವ ಒಂದೇ ಮಾತು ಅಂದಳು: "ನಿಮ್ಮ ಆಯಿ ಮಲಗಿದಾಗ ನೋಡಿಕೊಳ್ಳಾಕ ಯಾರಿಗೆ ಬರತಿತ್ತು?" ನನ್ನ ಬಾಯಿ ಬಂತ್ತಾಯಿತು. ಆಯಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಾಗ ಬೆನ್ನ ಕೆಳಗೆ ಹುಣ್ಣಾಗಿತ್ತು. ಪ್ರೀತಿಗೆ ಕೊರತೆ ಇರಲಿಲ್ಲ, ತಿಳಿವಳಿಕೆ ಇರಲಿಲ್ಲ.

ತಂಗಿ ಕಾಲೇಜು ಸೇರಿದಳು. ಮೊದಲ ವರ್ಷ ಒಂದು ವಿಷಯ ಉಳಿಯಿತು. ಕನ್ನಡ ಮಾಧ್ಯಮದಲ್ಲಿ ಕಲಿತವಳು. ದಪ್ಪ ದಪ್ಪ ಇಂಗ್ಲಿಷ್ ಪುಸ್ತಕ ಬಾಯಿಪಾಠ ಮಾಡಿ, ಪ್ರಶ್ನೆ ಸ್ವಲ್ಪ ತಿರುವಿ ಕೇಳಿದರೆ ಗಾಬರಿಯಾಗುತ್ತಿದ್ದಳು. ಎರಡನೇ ವರ್ಷ ಮೆಡಿಕಲ್ ಸರ್ಜಿಕಲ್ ನರ್ಸಿಂಗ್ ಎಂಬ ದೊಡ್ಡ ವಿಷಯ. ಸಕ್ಕರೆ ಕಾಯಿಲೆ, ಬಿಪಿ, ಲಕ್ವಾ, ದಮ್ಮು, ಮೂತ್ರಪಿಂಡ, ಎಲ್ಲವೂ ಅದರಲ್ಲಿ. ಬಿಟ್ಟು ಬರುತ್ತೇನೆ ಎಂದು ಅತ್ತಳು. ಆಗ ದಿನಾ ರಾತ್ರಿ ಒಂಬತ್ತಕ್ಕೆ ಫೋನಿನಲ್ಲಿ ಪಾಠ ಒಪ್ಪಿಸಿಕೊಳ್ಳುತ್ತೇನೆ ಎಂದೆ. ಬೇಡ ಎಂದವನು ಅಷ್ಟಾದರೂ ಮಾಡಬೇಕಲ್ಲ!

ನಮಗೆ ನೆರವಾದದ್ದು ಇದೇ ಶಾಲೆಯ ಕನ್ನಡ ವ್ಯಾಕರಣ. ಮಹಾ ಮತ್ತು ಉತ್ಸವ ಕೂಡಿ ಮಹೋತ್ಸವ ಎಂದು ಗುರುಗಳು ಸಂಧಿ ಬಿಡಿಸಲು ಕಲಿಸಿದ್ದರು. ವೈದ್ಯಕೀಯ ಶಬ್ದಗಳನ್ನೂ ಹಾಗೇ ಬಿಡಿಸಿದೆವು. ಹೈಪೋ ಅಂದರೆ ಕಡಿಮೆ, ಹೈಪರ್ ಅಂದರೆ ಹೆಚ್ಚು. ಗ್ಲೈಸ್ ಅಂದರೆ ಸಕ್ಕರೆ, ಏಮಿಯಾ ಅಂದರೆ ರಕ್ತದಲ್ಲಿ. ಹೈಪೋಗ್ಲೈಸೀಮಿಯಾ ಅಂದರೆ ರಕ್ತದಲ್ಲಿ ಸಕ್ಕರೆ ಇಳಿಯುವುದು. ಟ್ಯಾಕಿ ಅಂದರೆ ವೇಗ, ಬ್ರಾಡಿ ಅಂದರೆ ನಿಧಾನ, ಕಾರ್ಡಿಯಾ ಅಂದರೆ ಹೃದಯ. ಇಂಥ ಕೆಲವು ತುಂಡು ತಿಳಿದರೆ ನೂರಾರು ಶಬ್ದ ತಾವೇ ಬಾಯಿಬಿಡುತ್ತವೆ.

ಲೆಕ್ಕಕ್ಕೆ ಇಲ್ಲಿ ಕಲಿತ ಗಣಿತವೇ ಸಾಕಾಯಿತು. 500 ಮಿಲಿ ಸಲೈನ್ 4 ಗಂಟೆಯಲ್ಲಿ ಹೋಗಬೇಕು, ಒಂದು ಮಿಲಿಗೆ 15 ಹನಿ ಬೀಳುವ ಸೆಟ್ ಇದೆ. ನಿಮಿಷಕ್ಕೆ ಎಷ್ಟು ಹನಿ? 500ನ್ನು 15ರಿಂದ ಗುಣಿಸಿ 240 ನಿಮಿಷಕ್ಕೆ ಭಾಗಿಸಿದರೆ ಸುಮಾರು 31 ಹನಿ.

ಆಮೇಲೆ ಒಂದು ನೋಟ್‌ಬುಕ್ ಮಾಡಿದೆವು. ಒಂದು ಕಾಯಿಲೆಗೆ ಒಂದು ಪುಟ, ಪುಟಕ್ಕೆ ನಾಲ್ಕು ಪ್ರಶ್ನೆ. ದೇಹದಲ್ಲಿ ಏನು ಕೆಟ್ಟಿದೆ? ನೋಡಿದರೆ ಏನು ಕಾಣುತ್ತದೆ? ನರ್ಸ್ ಮೊದಲು ಏನು ಮಾಡಬೇಕು? ಮನೆಯವರಿಗೆ ಏನು ಹೇಳಬೇಕು? ಪರೀಕ್ಷೆಯಲ್ಲಿ ಹೆಚ್ಚಿನವರು ಎಡವುವುದು ಮೂರನೆಯದರಲ್ಲಿ. ಕೊಟ್ಟ ನಾಲ್ಕು ಉತ್ತರವೂ ಸರಿಯೇ ಇರುತ್ತವೆ. ಯಾವುದು ಮೊದಲು ಎಂಬುದೇ ಪ್ರಶ್ನೆ. ಉಸಿರಿನ ದಾರಿ, ಉಸಿರಾಟ, ರಕ್ತ ಸಂಚಾರ, ಈ ಕ್ರಮದಲ್ಲಿ ನೋಡು ಎಂದು ಪುಸ್ತಕ ಹೇಳುತ್ತದೆ.

ಒಂದು ದೀಪಾವಳಿಗೆ ನಾನು ಊರಲ್ಲಿದ್ದೆ, ತಂಗಿ ಹಾಸ್ಟೆಲ್‌ನಲ್ಲಿ. ಅಪ್ಪನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತಗೊಳ್ಳುತ್ತಾನೆ. ಅವತ್ತು ಇಂಜೆಕ್ಷನ್ ಮಾಡಿಕೊಂಡು, ನೀರಿನ ಪಾಳಿ ಬಂತೆಂದು ಉಣ್ಣದೆ ಹೊಲಕ್ಕೆ ಹೋದ. ಬಂದಾಗ ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು, ಮಾತು ಅಡ್ಡಾದಿಡ್ಡಿ. ಸಕ್ಕರೆ ಏರಿದೆ ಎಂದುಕೊಂಡು ನಾನು, ಅವ್ವ ಕೊಡಹೊರಟಿದ್ದ ಬೆಲ್ಲದ ಚಹಾ ತಡೆದೆ. ತಂಗಿಗೆ ಫೋನ್ ಹಚ್ಚಿದೆ.

"ಅಣ್ಣಾ, ಅಪ್ಪಗ ನುಂಗಾಕ ಬರತೈತಿ?" ಎಂದಳು. ಬರುತ್ತದೆ ಎಂದೆ. "ಹಂಗಾದ್ರ ಮೂರು ಚಮಚ ಸಕ್ರಿ ನೀರಾಗ ಕಲಸಿ ಈಗಿಂದೀಗ ಕುಡಸು."

"ಸಕ್ರಿ ಕಾಯಿಲೆ ಐತಲ್ಲ, ಸಕ್ರಿ ಹೆಂಗ ಕೊಡೂದು?"

"ಇದು ಹೈಪೋ ಅಣ್ಣಾ. ನಿನ್ನೆ ನೀನ ಕೇಳಿದ ಪ್ರಶ್ನೆ."

ಕುಡಿಸಿದೆವು. ಹದಿನೈದು ನಿಮಿಷ ಬಿಟ್ಟು ನೋಡು, ಹಾಗೇ ಇದ್ದರೆ ಮತ್ತೊಮ್ಮೆ ಕೊಡು ಎಂದಿದ್ದಳು. ಅಷ್ಟರಲ್ಲಿ ಅಪ್ಪನ ಮಾತು ನೆಟ್ಟಗಾಯಿತು, ರೊಟ್ಟಿ ಉಂಡ. ಮರುದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ನಾನು ಅಂದು ಮಲಗಲಿಲ್ಲ. ಆ ಪುಟವನ್ನು ಆಕೆಗೆ ಹತ್ತು ಸಲ ಒಪ್ಪಿಸಿಕೊಂಡವನು ನಾನು. ಆದರೆ ಕಣ್ಣೆದುರು ಬಂದಾಗ ಗುರುತು ಹಿಡಿದದ್ದು ಆಕೆ.

ಆ ನೋಟ್‌ಬುಕ್ಕಿನ ನಾಲ್ಕನೇ ಪ್ರಶ್ನೆಯ ಉತ್ತರಗಳು ನಮ್ಮ ಊರಿಗೆ ಬೇಕಾದವು. ತಂಗಿಯ ಪರವಾಗಿ ನಾಲ್ಕು ಹೇಳುತ್ತೇನೆ.

ಇನ್ಸುಲಿನ್ ತಗೊಂಡವರು ಊಟ ತಪ್ಪಿಸಬಾರದು. ಕಿಸೆಯಲ್ಲಿ ಸಕ್ಕರೆ ಇರಲಿ. ರಕ್ತದಲ್ಲಿ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಪಾಯ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ; ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲು ಬಾರದಿದ್ದರೆ, ಮಾತು ತೊದಲಿದರೆ ಅದು ಲಕ್ವಾ. ಯಾವ ಹೊತ್ತಿಗೆ ಶುರುವಾಯಿತು ಎಂದು ಗಡಿಯಾರ ನೋಡಿಕೊಳ್ಳಿ. ಸ್ಕ್ಯಾನ್ ಮಾಡಿ, ರಕ್ತ ಹೆಪ್ಪುಗಟ್ಟಿದ್ದೆಂದು ಖಚಿತವಾದ ಮೇಲೆ ಅದನ್ನು ಕರಗಿಸುವ ಇಂಜೆಕ್ಷನ್ ಕೊಡುವುದಿದ್ದರೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೇ ಕೊಡಬೇಕು. ಎಣ್ಣೆ ತಿಕ್ಕಿಸುತ್ತ ಕೂತರೆ ಆ ಹೊತ್ತು ಹೋಗಿಬಿಡುತ್ತದೆ. ನೇರವಾಗಿ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೊರಡಿ.

ಭೇದಿ ಹತ್ತಿದ ಕೂಸಿಗೆ ನೀರು, ಎದೆಹಾಲು ನಿಲ್ಲಿಸಬೇಡಿ. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿನಲ್ಲಿ ಓಆರ್‌ಎಸ್ ಕಲಸಿ. ದೊಡ್ಡ ಪ್ಯಾಕೆಟ್‌ಗೆ ಒಂದು ಲೀಟರ್. ಕಣ್ಣು ಗುಳಿಬಿದ್ದು, ಉಚ್ಚೆ ಕಡಿಮೆಯಾಗಿ, ಕೂಸು ಮಂಕಾದರೆ ಆಸ್ಪತ್ರೆಗೆ ಓಡಿ.

ಹಾಸಿಗೆ ಹಿಡಿದ ಹಿರಿಯರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ. ಹಿಮ್ಮಡಿ, ಸೊಂಟ, ಬೆನ್ನ ಕೆಳಭಾಗ ದಿನಾ ನೋಡಿ. ಕೆಂಪಾದ ಜಾಗ ತಿಕ್ಕಬೇಡಿ, ಒಣಗಿಸಿ ಇಡಿ, ಆ ಕಡೆ ಭಾರ ಬೀಳದಂತೆ ಮಲಗಿಸಿ. ಈ ಪುಟ ಓದುವಾಗ ನಾವಿಬ್ಬರೂ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಯಿಯ ನೆನಪಾಗಿತ್ತು.

ವಿದ್ಯಾರ್ಥಿಗಳೇ, ಜಿಎನ್‌ಎಂ ಮೂರು ವರ್ಷ, ಬಿಎಸ್‌ಸಿ ನರ್ಸಿಂಗ್ ನಾಲ್ಕು ವರ್ಷ. ಬಿಎಸ್‌ಸಿಗೆ ಪಿಯುಸಿ ವಿಜ್ಞಾನ ಬೇಕು. ಜಿಎನ್‌ಎಂಗೆ ಕಲಾ ವಿಭಾಗದವರೂ ಹೋಗಬಹುದು. ಗಂಡುಹುಡುಗರೂ ಕಲಿಯುತ್ತಾರೆ. ಇಂಗ್ಲಿಷ್‌ಗೆ ಹೆದರಬೇಡಿ. ಮೊದಲು ಕನ್ನಡದಲ್ಲಿ ತಿಳಿದುಕೊಳ್ಳಿ, ಆಮೇಲೆ ಇಂಗ್ಲಿಷ್‌ನಲ್ಲಿ ಬರೆಯಿರಿ. ತಂಗಿ ಹಾಗೇ ಪಾಸಾದಳು, ಉಳಿದ ವಿಷಯವನ್ನೂ ಮುಗಿಸಿದಳು.

ಪಾಲಕರಲ್ಲಿ ಒಂದು ವಿನಂತಿ. ನಿಮ್ಮ ಮಗಳು ನರ್ಸ್ ಆಗುತ್ತೇನೆ ಎಂದರೆ ನನ್ನ ಹಾಗೆ ಅಡ್ಡ ನಿಲ್ಲಬೇಡಿ. ನಾನು ಬರೆದ ಪ್ರೋಗ್ರಾಂ ತಪ್ಪಾದರೆ ನಾಳೆ ತಿದ್ದಬಹುದು. ಆಕೆಯ ಕೆಲಸದಲ್ಲಿ ಎಷ್ಟೋ ಸಲ ನಾಳೆ ಎಂಬುದು ಇರುವುದಿಲ್ಲ.

ಆ ನೋಟ್‌ಬುಕ್ಕನ್ನು ತಂಗಿ ಮತ್ತೊಮ್ಮೆ ಓದಿ ತಿದ್ದಿದ್ದಾಳೆ, ನಾನು ಟೈಪ್ ಮಾಡಿಸಿದ್ದೇನೆ. ಐದು ಪ್ರತಿ ಇವತ್ತು ಶಾಲೆಯ ಗ್ರಂಥಾಲಯಕ್ಕೆ ಕೊಡುತ್ತಿದ್ದೇನೆ. ಈ ಶಾಲೆಯಿಂದ ನರ್ಸಿಂಗ್ ಓದಲು ಹೋದ ಯಾರೇ ಆಗಲಿ, ಪಾಠ ಒಪ್ಪಿಸಲು ಜನ ಬೇಕಾದರೆ ಗುರುಗಳ ಹತ್ತಿರ ನನ್ನ ನಂಬರ್ ಇದೆ. ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿರಿ.