ಯಕೃತ್ತಿನ ಕ್ಯಾನ್ಸರ್: ನೆತ್ತರು ನೀಡುವ ಸುಳಿವು

ಹಲ್ಲು ನೊಂದರೆ ಮನೆಮಂದಿಗೆಲ್ಲ ತಿಳಿಯುವಂತೆ ನರಳುತ್ತೇವೆ. ಆದರೆ ಬಲಪಕ್ಕೆಯ ಮರೆಯಲ್ಲಿ, ಸುಮಾರು ಒಂದೂವರೆ ಕಿಲೋಗ್ರಾಂ ತೂಗುವ ಯಕೃತ್ತಿನೊಳಗೆ ಗಂಟೊಂದು ಬೆಳೆಯುತ್ತಿದ್ದರೂ ನಮಗೆ ಅರಿವಾಗುವುದಿಲ್ಲ. ಅದರ ಹೊರಪೊರೆಗೆ ನೋವು ತಿಳಿಯುತ್ತದೆ; ಒಳತಿರುಳಿಗೆ ತಿಳಿಯದು. ನೋವು, ಕಾಮಾಲೆ, ಹೊಟ್ಟೆಯ ಉಬ್ಬರ ಕಾಣಿಸಿಕೊಳ್ಳುವ ಹೊತ್ತಿಗೆ ರೋಗ ಬಹುದೂರ ಸಾಗಿರುವುದೇ ಹೆಚ್ಚು. ಆದುದರಿಂದ ಯಕೃತ್ತಿನಲ್ಲಿಯೇ ಹುಟ್ಟುವ ಕ್ಯಾನ್ಸರನ್ನು, ಅದು ತಾನಾಗಿ ಹೇಳಿಕೊಳ್ಳುವ ಮುನ್ನವೇ ಹುಡುಕಬೇಕಾಗುತ್ತದೆ.

ಹುಡುಕುವುದು ಯಾರಲ್ಲಿ? ಬಿ ಮತ್ತು ಸಿ ಬಗೆಯ ಹೆಪಟೈಟಿಸ್ ವೈರಸ್, ಅತಿಯಾದ ಮದ್ಯಪಾನ, ಬೊಜ್ಜು ಮತ್ತು ಸಕ್ಕರೆ ಕಾಯಿಲೆಯೊಡನೆ ಸೇರುವ ಕೊಬ್ಬು, ಇವುಗಳಿಂದ ಯಕೃತ್ತು ಮತ್ತೆ ಮತ್ತೆ ಗಾಯಗೊಂಡು, ಮಾಗಿ, ಕೊನೆಗೆ ಕಲೆಗಟ್ಟಿ ಗಡಸಾಗುತ್ತದೆ. ಇದೇ ಸಿರೋಸಿಸ್. ಈ ಕ್ಯಾನ್ಸರ್ ಬಹುಮಟ್ಟಿಗೆ ಮೊಳೆಯುವುದು ಇಂಥ ಯಕೃತ್ತಿನಲ್ಲಿಯೇ. ಆದರೆ ಬಿ ವೈರಸ್ ಇದ್ದವರಲ್ಲಿ ಸಿರೋಸಿಸ್ ಇಲ್ಲದೆಯೂ ಅದು ತಲೆದೋರಬಹುದು.

ಇಂಥವರಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಪರೀಕ್ಷೆ ಮಾಡುವುದು ಮೊದಲ ಹೆಜ್ಜೆ. ನಮ್ಮ ಕಿವಿಗೆ ನಿಲುಕದ ಧ್ವನಿಯನ್ನು ಒಳಗೆ ಕಳುಹಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಚಿತ್ರ ಮೂಡಿಸುವ ವಿಧಾನವಿದು. ಕ್ಷ-ಕಿರಣದ ಸೋಂಕು ಇದಕ್ಕಿಲ್ಲ. ಚೀನದ ಷಾಂಘೈ ನಗರದಲ್ಲಿ ಅಪಾಯದಂಚಿನಲ್ಲಿದ್ದ 18,816 ಜನರನ್ನು ಎರಡು ಗುಂಪಾಗಿಸಿ, ಒಂದು ಗುಂಪಿಗೆ ಹೀಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಹಾಗೂ ರಕ್ತಪರೀಕ್ಷೆ ನಡೆಸಿದರು. ಆ ಗುಂಪಿನಲ್ಲಿ ಯಕೃತ್ತಿನ ಕ್ಯಾನ್ಸರಿನ ಸಾವು ಶೇಕಡಾ 37ರಷ್ಟು ಕಡಿಮೆಯಾಯಿತೆಂದು 2004ರಲ್ಲಿ ವರದಿಯಾಯಿತು.

ಅಲ್ಟ್ರಾಸೌಂಡಿನಲ್ಲಿ ಕಂಡ ಗಂಟು ಕ್ಯಾನ್ಸರೇ ಎಂದು ತೀರ್ಮಾನಿಸುವುದು ಹೇಗೆ? ಇದಕ್ಕೆ ಯಕೃತ್ತಿನ ರಕ್ತಪೂರೈಕೆಯೇ ಸುಳಿವನ್ನು ಕೊಡುತ್ತದೆ. ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ಅಭಿಧಮನಿಯ ಮೂಲಕ ಹರಿದುಬರುತ್ತದೆ. ಉಳಿದ ಕಾಲುಪಾಲು ಮಾತ್ರ ಅಪಧಮನಿಯಿಂದ. ಕ್ಯಾನ್ಸರಿನ ಗಂಟಿನ ರೀತಿಯೇ ಬೇರೆ. ಅದು ಬೆಳೆದಂತೆಲ್ಲ ತನ್ನ ಆಹಾರವನ್ನು ಹೆಚ್ಚಾಗಿ ಅಪಧಮನಿಯಿಂದಲೇ ಸೆಳೆದುಕೊಳ್ಳುತ್ತದೆ.

ಈಗ ತೋಳಿನ ನಾಳಕ್ಕೆ ಅಯೋಡಿನ್ ಬೆರೆತ ದ್ರವವನ್ನು ಚುಚ್ಚಿ, ಸಿ.ಟಿ. ಯಂತ್ರದಲ್ಲಿ ಬೇರೆ ಬೇರೆ ಗಳಿಗೆಗಳಲ್ಲಿ ಚಿತ್ರ ತೆಗೆಯುತ್ತಾರೆ. ಸುಮಾರು ಅರ್ಧ ನಿಮಿಷದಲ್ಲಿ ದ್ರವ ಅಪಧಮನಿಯನ್ನು ತುಂಬಿದಾಗ ಗಂಟು ಸುತ್ತಲಿನ ಭಾಗಕ್ಕಿಂತ ಬೆಳ್ಳಗೆ ಹೊಳೆಯುತ್ತದೆ. ನಿಮಿಷ ಕಳೆದು ಪೋರ್ಟಲ್ ರಕ್ತ ಯಕೃತ್ತನ್ನೆಲ್ಲ ಬೆಳಗಿಸುವಾಗ, ಗಂಟು ಮಾತ್ರ ಕಪ್ಪಾಗಿ ಹಿಂದುಳಿಯುತ್ತದೆ. ಎಂ.ಆರ್.ಐ. ಪರೀಕ್ಷೆಯಲ್ಲಿಯೂ ಬೇರೊಂದು ದ್ರವದಿಂದ ಇದೇ ಬದಲಾವಣೆಯನ್ನು ಕಾಣಬಹುದು. ಮೊದಲು ಹೊಳೆದು ಆಮೇಲೆ ಮಾಸುವ ಈ ಗುಣ, ಸಿರೋಸಿಸ್ ಇರುವವರ ಒಂದು ಸೆಂಟಿಮೀಟರಿಗೂ ಮೀರಿದ ಗಂಟಿನಲ್ಲಿ ಸ್ಪಷ್ಟವಾಗಿದ್ದರೆ, ಸಾಮಾನ್ಯವಾಗಿ ಸೂಜಿ ಚುಚ್ಚಿ ತುಣುಕು ತೆಗೆಯದೆಯೇ ಕ್ಯಾನ್ಸರೆಂದು ನಿರ್ಧರಿಸಬಹುದು. ಇತರ ಹಲವು ಕ್ಯಾನ್ಸರುಗಳಲ್ಲಿ ಹೀಗೆ ಚಿತ್ರವೊಂದನ್ನೇ ನೆಚ್ಚುವಂತಿಲ್ಲ. ಸೂಜಿಯಿಂದ ರಕ್ತಸ್ರಾವವಾಗುವ, ಅಪರೂಪಕ್ಕೆ ರೋಗದ ಕಣಗಳು ಸೂಜಿಯ ದಾರಿಯಲ್ಲಿ ಹರಡುವ ಭಯವೂ ಇದರಿಂದ ತಪ್ಪುತ್ತದೆ.

ಆದರೆ ಯಂತ್ರಕ್ಕೂ ಮಿತಿಯಿದೆ. ತೀರ ಸಣ್ಣ ಗಂಟುಗಳು ಈ ಲಕ್ಷಣವನ್ನು ತೋರದಿರಬಹುದು. ಯಕೃತ್ತು ಆರೋಗ್ಯವಾಗಿದ್ದವರಲ್ಲಿ, ಅಥವಾ ಬೇರೆ ಅಂಗದ ಕ್ಯಾನ್ಸರ್ ಅಲ್ಲಿಗೆ ಹರಡಿದ ಶಂಕೆಯಿದ್ದಲ್ಲಿ, ತುಣುಕಿನ ಪರೀಕ್ಷೆ ಬೇಕೇ ಬೇಕು. ಚಿತ್ರವನ್ನು ರೋಗಿಯ ಹಿನ್ನೆಲೆಯೊಡನೆ ಓದಿದಾಗಲೇ ಅದಕ್ಕೆ ಅರ್ಥ.

ಗಂಟು ಚಿಕ್ಕದಿರುವಾಗಲೇ ಸಿಕ್ಕರೆ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು, ಸೂಜಿಯ ಮೂಲಕ ಶಾಖ ಹಾಯಿಸಿ ಸುಡಬಹುದು, ಯಕೃತ್ತನ್ನೇ ಬದಲಿಸಬಹುದು. ತಡವಾದರೆ ಈ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತವೆ. "ಚೆನ್ನಾಗಿಯೇ ಇದ್ದೇನಲ್ಲ, ಪರೀಕ್ಷೆ ಏತಕ್ಕೆ?" ಎನ್ನುವ ಮಾತೇ ಇಲ್ಲಿನ ದೊಡ್ಡ ಅಡ್ಡಿ. ಸಿ ವೈರಸ್ ಔಷಧಿಯಿಂದ ತೊಲಗಿದವರೂ ಸಿರೋಸಿಸ್ ಉಳಿದಿದ್ದರೆ ಪರೀಕ್ಷೆ ಬಿಡಬಾರದು. ಚೆನ್ನಾಗಿರುವಾಗ ಮಾಡಿಸಿದ ಪರೀಕ್ಷೆಯೇ ಈ ರೋಗದಲ್ಲಿ ಫಲ ಕೊಡುವ ಪರೀಕ್ಷೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ, ಕಳೆದ ಸಲ ಪರೀಕ್ಷೆಯಾಗಿ ಎಷ್ಟು ತಿಂಗಳಾಯಿತೆಂದು ಇಂದೇ ಕೇಳಿ.