ಬೆಳೆದ ಮಗುವನ್ನು ಮಡಿಲಿಗೆ ತೆಗೆದುಕೊಳ್ಳುವಾಗ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ದತ್ತಕವೆಂದ ಕೂಡಲೆ ನಮ್ಮ ಕಣ್ಣ ಮುಂದೆ ಬರುವುದು ತೊಟ್ಟಿಲ ಕೂಸು. ಇಂದು ನಾನು ಹೇಳಬೇಕೆಂದಿರುವುದು ತೊಟ್ಟಿಲು ಬಿಟ್ಟು ಬಹಳ ದಿನವಾದ ಮಗುವಿನ ವಿಷಯ. ಆರು, ಎಂಟು, ಹನ್ನೆರಡು ವರ್ಷದ್ದು. ತನ್ನ ಹೆಸರನ್ನು ಬಲ್ಲದ್ದು. ಹೆತ್ತವರ ಮುಖ ನೆನಪಿರುವಂಥದು.

ಇದು ನಮಗೆ ದೂರದ ಮಾತಲ್ಲ. ಬೀದರ, ಕಲಬುರಗಿ, ರಾಯಚೂರುಗಳಿಂದ ಹೊಟ್ಟೆಪಾಡಿಗಾಗಿ ಈ ಹೈದರಾಬಾದಿಗೆ ಬಂದವರು ನಾವು. ಊರಲ್ಲಿ ಅಣ್ಣ ತೀರಿಕೊಂಡ, ಅತ್ತಿಗೆಯೂ ಹೋದಳು, ಮಗುವನ್ನು ಕರೆತಂದೆವು ಎನ್ನುವ ಮನೆಗಳು ನಮ್ಮಲ್ಲಿ ಇವೆ. ಇನ್ನು ಅನಾಥ ಮಕ್ಕಳ ಆಶ್ರಯಗಳೂ ಈ ನಗರಕ್ಕೆ ಹೊಸವಲ್ಲ. ಸರೂರನಗರದ ವಿಕ್ಟೋರಿಯಾ ಮೆಮೋರಿಯಲ್ ಅನಾಥಾಲಯ ನಿಜಾಮರ ಕಾಲದ್ದು. ಅದರ ಹೆಸರು ಈಗ ಮೆಟ್ರೋ ನಿಲ್ದಾಣಕ್ಕೂ ಬಂದಿದೆ. ಇಂಥ ಆಶ್ರಯಗಳಿಗೆ ಹೋಗುವ ದಂಪತಿಗಳು ಸಾಮಾನ್ಯವಾಗಿ ಕೂಸನ್ನೇ ಕೇಳುತ್ತಾರೆ. ಬೆಳೆದ ಮಗು ಬಾಗಿಲಲ್ಲಿ ನಿಂತು ನೋಡುತ್ತಲೇ ಇರುತ್ತದೆ.

ಬೆಳೆದ ಹುಡುಗ ಮಗನಾದ ಕಥೆ ನಮ್ಮಲ್ಲಿ ಬಹು ಹಳೆಯದು. ಐತರೇಯ ಬ್ರಾಹ್ಮಣದಲ್ಲಿ ಶುನಃಶೇಪನ ಕಥೆಯಿದೆ. ಅಜೀಗರ್ತನೆಂಬ ಬಡವನಿಗೆ ಮೂವರು ಗಂಡುಮಕ್ಕಳು. ಹಿರಿಯನನ್ನು ತಂದೆ ಬಿಡಲೊಲ್ಲ, ಕಿರಿಯನನ್ನು ತಾಯಿ ಬಿಡಲೊಲ್ಲಳು. ನಡುವಿನ ಶುನಃಶೇಪ ನೂರು ಆಕಳಿಗೆ ಯಜ್ಞಪಶುವಾಗಿ ಮಾರಿಹೋದ. ಅವನನ್ನು ಕಂಬಕ್ಕೆ ಕಟ್ಟಲು ಇನ್ನು ನೂರು, ಕತ್ತಿ ಹಿಡಿಯಲು ಮತ್ತೆ ನೂರು ಆಕಳು ಪಡೆದವನೂ ಆ ತಂದೆಯೇ. ದೇವತೆಗಳಿಗೆ ಮೊರೆಯಿಟ್ಟು ಬಿಡುಗಡೆ ಹೊಂದಿದ ಹುಡುಗ ಹೋಗಿ ವಿಶ್ವಾಮಿತ್ರನ ತೊಡೆಯ ಮೇಲೆ ಕುಳಿತ. ತಂದೆ ಹಿಂದಕ್ಕೆ ಕರೆದರೂ ಹೋಗಲಿಲ್ಲ.

ಮುಂದಿನ ಭಾಗವೇ ನಮಗೆ ಮುಖ್ಯ. ವಿಶ್ವಾಮಿತ್ರ ನನ್ನ ಮಗನಾಗು ಎಂದಾಗ ಹುಡುಗ ಒಡನೆ ತಲೆಯಾಡಿಸಲಿಲ್ಲ. ಬೇರೆ ಗೋತ್ರದ ತಾನು ಹೇಗೆ ಮಗನಾಗುವುದು, ಮನೆಯ ಮಕ್ಕಳು ಒಪ್ಪುವರೆ ಎಂದು ಕೇಳಿದ. ವಿಶ್ವಾಮಿತ್ರನಿಗೆ ನೂರೊಂದು ಮಕ್ಕಳು. ಅವರಲ್ಲಿ ಮಧುಚ್ಛಂದಸನಿಗಿಂತ ಹಿರಿಯರಾದ ಐವತ್ತು ಮಂದಿ ಒಲ್ಲೆವೆಂದರು. ಮಧುಚ್ಛಂದಸನೂ ಅವನ ಕೆಳಗಿನ ಐವತ್ತು ಮಂದಿಯೂ ಒಪ್ಪಿದರು.

ಬೆಳೆದ ಮಗುವಿನ ದತ್ತಕದ ಕಷ್ಟವೆಲ್ಲ ಈ ಕಥೆಯಲ್ಲಿದೆ. ಮಗುವಿಗೆ ಸಂಶಯವಿರುತ್ತದೆ, ಒಮ್ಮೆ ಕೈಬಿಟ್ಟ ಲೋಕ ಮತ್ತೊಮ್ಮೆ ಬಿಡದೆಂದು ಅದು ಹೇಗೆ ನಂಬೀತು? ಮೊದಲ ಕೆಲವು ವಾರ ಹೇಳಿದಂತೆ ಕೇಳುತ್ತದೆ. ಅನಂತರ ಸುಳ್ಳು ಹೇಳಬಹುದು, ರೊಟ್ಟಿಯನ್ನು ದಿಂಬಿನ ಕೆಳಗೆ ಬಚ್ಚಿಡಬಹುದು, ದೊಡ್ಡ ಹುಡುಗನಾದರೂ ಹಾಸಿಗೆ ಒದ್ದೆಮಾಡಬಹುದು, ಕಾರಣವಿಲ್ಲದೆ ಸಿಡುಕಬಹುದು. ಇವರು ನನ್ನನ್ನು ಎಲ್ಲಿಯವರೆಗೆ ತಡೆದುಕೊಳ್ಳುತ್ತಾರೆ ಎಂಬುದೇ ಅದರ ಪರೀಕ್ಷೆ. ಆಗ ನಮ್ಮ ಬಾಯಲ್ಲಿ ಬರಬಾರದ ಒಂದು ಮಾತಿದೆ: “ನಿನ್ನನ್ನು ತಿರುಗಿ ಕಳಿಸಿಬಿಡುತ್ತೇನೆ.” ಒಂದು ಸಲ ಆಡಿದರೆ ವರ್ಷದ ಗಳಿಕೆ ಹೋಯಿತು. ಹೊತ್ತಿಗೆ ಸರಿಯಾಗಿ ಊಟ, ಮಲಗಲು ತನ್ನದೆಂಬ ಒಂದು ಮೂಲೆ, ಹೇಳಿದ ಹೊತ್ತಿಗೆ ಮನೆಗೆ ಬರುವ ತಂದೆ: ಎರಡು ಖೋಲಿಯ ಬಾಡಿಗೆ ಮನೆಯಲ್ಲೂ ಇಷ್ಟನ್ನು ಕೊಡಬಹುದು.

ಒಪ್ಪದ ಮಕ್ಕಳನ್ನು ವಿಶ್ವಾಮಿತ್ರ ಶಪಿಸಿದ. ಶಾಪದಿಂದ ಮನೆ ಕೂಡುವುದಿಲ್ಲ. ಹೊಟ್ಟೆಯ ಮಕ್ಕಳಿದ್ದರೆ ಅವರಿಗೆ ಮೊದಲೇ ತಿಳಿಸಿ, ಅವರ ಅಸಮಾಧಾನವನ್ನೂ ಕೇಳಿರಿ.

ಶುನಃಶೇಪನಿಗೆ ದೇವರಾತನೆಂದು ಹೊಸ ಹೆಸರಾಯಿತು. ಆದರೂ ಲೋಕ ಅವನನ್ನು ಹಳೆಯ ಹೆಸರಿನಿಂದಲೇ ನೆನೆಯುತ್ತದೆ. ಆದುದರಿಂದ ಹೆಸರು ಬದಲಿಸುವ ಆತುರ ಬೇಡ. ಹೆತ್ತವರನ್ನು ಹೀನಾಯವಾಗಿ ಆಡುವುದಂತೂ ಬೇಡವೇ ಬೇಡ. ಈ ಊರಿನ ಮಗು ತೆಲುಗೋ ದಖ್ಖನಿಯೋ ಆಡುತ್ತ ನಮ್ಮ ಮನೆಗೆ ಬಂದೀತು. ಪರಭಾಷೆಯ ನಗರಕ್ಕೆ ಬಂದಿಳಿದ ದಿನದ ಸಂಕಟ ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಅದರ ಮಾತನ್ನು ನೀವು ಹತ್ತು ಕಲಿತರೆ, ನಿಮ್ಮ ಕನ್ನಡವನ್ನು ಅದು ನೂರು ಕಲಿಯುತ್ತದೆ.

ಇನ್ನು ಕಾಯಿದೆ. ದತ್ತಕದ ನಿಯಮಗಳನ್ನು ವಿವರಿಸಿದ ವಿಜ್ಞಾನೇಶ್ವರನ ‘ಮಿತಾಕ್ಷರ’ ಹುಟ್ಟಿದ್ದು ನಮ್ಮ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ. ೧೯೫೬ರವರೆಗೆ ಅದು ಹೈದರಾಬಾದ್ ರಾಜ್ಯದಲ್ಲೇ ಇತ್ತು. ಅದೇ ೧೯೫೬ರಲ್ಲಿ ಬಂದ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ವೀರಶೈವ, ಲಿಂಗಾಯತರಿಗೂ, ಬೌದ್ಧ, ಜೈನ, ಸಿಖ್ಖರಿಗೂ ಅನ್ವಯಿಸುತ್ತದೆ. ಬೇರೆ ರೂಢಿಯಿಲ್ಲದಿದ್ದರೆ ಮಗುವಿಗೆ ೧೫ ವರ್ಷ ತುಂಬಿರಬಾರದು. ಗಂಡುಮಗನಿರುವವರು ಗಂಡನ್ನೂ, ಹೆಣ್ಣುಮಗಳಿರುವವರು ಹೆಣ್ಣನ್ನೂ ಈ ಕಾಯಿದೆಯಂತೆ ದತ್ತು ಪಡೆಯಲಾರರು. ಹೋಮ ಕಡ್ಡಾಯವಲ್ಲ, ಕೊಡುವುದು, ಕೊಳ್ಳುವುದು ನಿಜವಾಗಿ ನಡೆಯಬೇಕು. ಪತ್ರವನ್ನು ನೋಂದಾಯಿಸಿದರೆ ಮುಂದೆ ತಕರಾರಿಗೆ ಎಡೆ ಕಡಿಮೆ. ಅಣ್ಣ ಅತ್ತಿಗೆ ಇಬ್ಬರೂ ತೀರಿಕೊಂಡಿದ್ದರೆ ಮಗುವನ್ನು ಕೊಡುವ ಅಧಿಕಾರ ಪೋಷಕನದು. ಅದಕ್ಕೂ ನ್ಯಾಯಾಲಯದ ಪೂರ್ವಾನುಮತಿ ಬೇಕು. ಕ್ರಮಬದ್ಧವಾದ ದತ್ತಕವನ್ನು ಆಮೇಲೆ ರದ್ದುಮಾಡಲು ಬರುವುದಿಲ್ಲ.

ಆಶ್ರಯದ ಮಗುವಿಗೆ ೨೦೧೫ರ ಬಾಲನ್ಯಾಯ ಕಾಯಿದೆಯ ದಾರಿಯಿದೆ. ಇದಕ್ಕೆ ಜಾತಿ ಮತದ ಕಟ್ಟಿಲ್ಲ. ಕೇಂದ್ರ ದತ್ತಕ ಪ್ರಾಧಿಕಾರದ ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕು. ಅಧಿಕಾರಿಗಳು ಮನೆಗೆ ಬಂದು ವಿಚಾರಿಸುತ್ತಾರೆ. ೨೦೨೨ರಿಂದ ಅಂತಿಮ ಆದೇಶ ಜಿಲ್ಲಾಧಿಕಾರಿಗಳದು. ಮಗು ಮನೆಗೆ ಬಂದ ಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ ಬಂದು ನೋಡುತ್ತಾರೆ. ದಂಪತಿಗಳ ವಯಸ್ಸು ಸೇರಿ ೮೫ ಮೀರಿದರೆ ಎರಡು ವರ್ಷದೊಳಗಿನ ಕೂಸು ಸಿಗದು; ಎಂಟು ದಾಟಿದ ಮಗುವಿಗೆ ಆ ಮಿತಿ ೧೧೦. ಅಂದರೆ ತಡವಾಯಿತೆಂದು ಕೊರಗುವವರಿಗೂ ಬಾಗಿಲು ತೆರೆದೇ ಇದೆ. ದಲ್ಲಾಳಿಗಳ ಕೈಗೆ ಮಾತ್ರ ಬೀಳಬೇಡಿರಿ. ಈ ನಗರದಲ್ಲಿಯೇ ೧೯೯೯ರಲ್ಲಿಯೂ ೨೦೦೧ರಲ್ಲಿಯೂ ದತ್ತಕದ ಹೆಸರಿನಲ್ಲಿ ಲಂಬಾಣಿ ಕೂಸುಗಳನ್ನು ಮಾರಿದ ಪ್ರಕರಣಗಳು ಬಯಲಾದವು.

ಕೊನೆಗೊಂದು ಕಹಿ ಮಾತು. ಊರಿನ ಬಡ ಹುಡುಗಿಯನ್ನು ‘ಸಾಕುಮಗಳು’ ಎಂದು ಕರೆತಂದು ಪಾತ್ರೆ ತೊಳೆಸುವುದು ದತ್ತಕವಲ್ಲ. ೧೪ ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕಿಡುವುದನ್ನು ೨೦೦೬ರಲ್ಲಿಯೇ ನಿಷೇಧಿಸಲಾಗಿದೆ. ಗುರುತು ಸುಲಭ: ನಿಮ್ಮ ಮಗು ಶಾಲೆಗೆ ಹೋಗುವಾಗ ಆ ಮಗು ಎಲ್ಲಿರುತ್ತದೆ ಎಂದು ನೋಡಿರಿ.

ಸಾಕಿದ್ದಕ್ಕೆ ಮಗುವಿನಿಂದ ಕೃತಜ್ಞತೆಯನ್ನು ವಸೂಲುಮಾಡಬಾರದು. ಹೆತ್ತ ಮಕ್ಕಳಿಂದ ನಾವು ಅದನ್ನು ಕೇಳುತ್ತೇವೆಯೆ? ಅವರಂತೆಯೇ ಇದೂ ಒಮ್ಮೆ ಎದುರಾಡೀತು, ಒಮ್ಮೆ ಮುನಿದೀತು. ಎದುರಾಡುವ ಧೈರ್ಯ ಬಂದ ದಿನ ಅದು ಇದು ತನ್ನ ಮನೆಯೆಂದು ನಂಬತೊಡಗಿದೆ ಎಂದು ತಿಳಿದು ಸಮಾಧಾನಪಡಿರಿ.